ಖಾಲಿ ಗಾಡಿಯ ಬಾಡಿಗೆ ಯಾರು ಕೊಡಬೇಕು?

ಭಿವಂಡಿಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಒಂದು ಬೈಗುಳ. ಐದು ವರ್ಷದ ಹಿಂದಿನ ಮಾತು. ಬೆಳಗಿನ ಆರು ಗಂಟೆ. ನಮ್ಮ ಗೋಡೌನಿನ ಎದುರು ಸಾಲಾಗಿ ನಿಂತಿದ್ದ ಟೆಂಪೊಗಳ ನಡುವೆ ಯಾರೋ ಫೋನಿನಲ್ಲಿ, "ಗೇಟ್ ಪಾಸ್ ಮನ್ಯಾಗ ಇಟ್ಟು ಬಂದೀಯೇನ್ಲೇ, ತಲಿ ಎಲ್ಲಿ ಇಟ್ಟು ಬಂದಿ?" ಎಂದು ಕೂಗುತ್ತಿದ್ದರು. "ಯಾವೂರ್ರಿ ಕಾಕಾ?" ಅಂದೆ. ಅವರು ಫೋನು ಕಿವಿಯಿಂದ ತೆಗೆಯದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಂಡಿ ತಾಲೂಕ. ನೀವ?" ಎಂದರು. ನಾನು ಮುದ್ದೇಬಿಹಾಳದವನು. ಅಷ್ಟು ಸಾಕಾಯಿತು. ಅಂದಿನಿಂದ ಗೋಡೌನಿನ ಒಳಗೆ ನಾನು ಅವರಿಗೆ 'ಸರ', ಹೊರಗಿನ ಚಹಾದಂಗಡಿಯಲ್ಲಿ 'ತಮ್ಮಾ'.

ನಾನು ದುಡಿಯುವುದು ಬಿಸ್ಕತ್ತು, ಕುರುಕಲು ತಿಂಡಿ ಮಾರುವ ಒಂದು ಕಂಪನಿಯ ಸಾಗಣೆ ವಿಭಾಗದಲ್ಲಿ. ಗೋಡೌನಿನಿಂದ ಮುಂಬೈನ ಪೂರ್ವ ಉಪನಗರಗಳ ಅಂಗಡಿಗಳಿಗೆ ಯಾವ ಗಾಡಿ, ಯಾವ ದಾರಿ, ಎಷ್ಟು ಡಬ್ಬ ಎಂದು ಕೂಡಿಸಿ ಕಳೆಯುವ ಕೆಲಸ. ಊರಿಗೆ ಹೋದಾಗ "ಏನ್ ನೌಕರಿ?" ಎಂದು ಕೇಳಿದವರಿಗೆ ಲಾಜಿಸ್ಟಿಕ್ಸ್ ಎಂದರೆ ಅರ್ಥವಾಗುವುದಿಲ್ಲ, "ಲಾರಿ ಆಫೀಸ್" ಅಂದರೆ ತಕ್ಷಣ ಅರ್ಥವಾಗುತ್ತದೆ. ಅದೇ ಸರಿ ಕೂಡ.

ಮುಂಬೈನಲ್ಲಿ ಇಲ್ಲದವರಿಗೆ ಭಿವಂಡಿ ಎಂದರೆ ಪವರ್‌ಲೂಮ್ ಊರು. ಆದರೆ ಕಶೇಳಿ, ಕಾಲ್ಹೇರ್, ಪೂರ್ಣಾ, ಮಾನಕೋಲಿ ಕಡೆ ಬಂದರೆ ಕಣ್ಣು ಹಾಯಿಸಿದಷ್ಟೂ ಗೋಡೌನು. ಇದು ಬೆಳೆದದ್ದಕ್ಕೆ ಒಂದು ಕಾರಣ ಜಕಾತಿ. ಮುಂಬೈ ಪಾಲಿಕೆ ಊರೊಳಗೆ ಬರುವ ಸರಕಿಗೆ ಜಕಾತಿ ವಸೂಲು ಮಾಡುತ್ತಿತ್ತು. ಭಿವಂಡಿ ಸುತ್ತಲಿನ ಗ್ರಾಮ ಪಂಚಾಯಿತಿಗಳಲ್ಲಿ ಅದು ಇರಲಿಲ್ಲ. ಹಾಗಾಗಿ ವ್ಯಾಪಾರಿಗಳು ಮಾಲನ್ನು ಖಾಡಿಯ ಆಚೆ ಇಟ್ಟು, ಬೇಕಾದಾಗ ಬೇಕಾದಷ್ಟು ಒಳಗೆ ತರುವ ಪದ್ಧತಿ ಮಾಡಿಕೊಂಡರು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಜಕಾತಿ ಹೋಯಿತು. ಗೋಡೌನುಗಳು ಹೋಗಲಿಲ್ಲ, ಇನ್ನೂ ಹೆಚ್ಚಾದವು. ನೀವು ಮುಲುಂಡಿನಲ್ಲೋ ಘಾಟ್‌ಕೋಪರಿನಲ್ಲೋ ಕೂತು ಫೋನಿನಲ್ಲಿ ತರಿಸಿಕೊಳ್ಳುವ ಸೋಪು, ಚಪ್ಪಲಿ, ಚಾರ್ಜರ್‌ಗಳಲ್ಲಿ ಬಹಳಷ್ಟು ನಮ್ಮ ಪಕ್ಕದ ಗೋಡೌನುಗಳಿಂದಲೇ ಹೊರಟಿರುತ್ತವೆ. ಪುಣೆಯವರಿಗೆ ಚಾಕಣ್, ಹೈದರಾಬಾದಿನವರಿಗೆ ಮೇಡ್ಚಲ್, ಚೆನ್ನೈನವರಿಗೆ ಮಾಧವರಂ ಇದ್ದಹಾಗೆ.

ಗೋಡೌನಿನಿಂದ ಅಂಗಡಿಗೆ ಹೆಚ್ಚೆಂದರೆ ಇಪ್ಪತ್ತೈದು ಮೂವತ್ತು ಕಿಲೊಮೀಟರ್. ಸರಕಿನ ಪಯಣದಲ್ಲಿ ತೀರಾ ಚಿಕ್ಕ ತುಂಡು ಇದು. ಹೆಚ್ಚು ಹೊಗೆ, ಹೆಚ್ಚು ಕಾಯುವಿಕೆ, ಹೆಚ್ಚು ಜಗಳ ಇರುವುದೂ ಇಲ್ಲೇ.

ಎರಡೂವರೆ ವರ್ಷದ ಹಿಂದೆ ನಮ್ಮ ಕಂಪನಿಯ ದೊಡ್ಡವರಿಗೆ ಹಸಿರಾಗುವ ಮನಸ್ಸಾಯಿತು. ಡೀಸೆಲ್ ಟೆಂಪೊಗಳಲ್ಲಿ ಮೂರರಲ್ಲಿ ಒಂದನ್ನು ತೆಗೆದು ಆ ಜಾಗಕ್ಕೆ ವಿದ್ಯುತ್ ಮೂರು ಚಕ್ರದ ಗಾಡಿಗಳನ್ನು ತರಬೇಕು. ಕೆಲಸ ನನ್ನ ತಲೆಗೆ ಬಂತು. ನನಗೂ ಉತ್ಸಾಹವಿತ್ತು, ಸುಳ್ಳು ಯಾಕೆ ಹೇಳಲಿ. ಹಸಿರು ರಿಬ್ಬನ್ ಕತ್ತರಿಸಿದೆವು, ತೆಂಗಿನಕಾಯಿ ಒಡೆದೆವು, ಫೋಟೊ ತೆಗೆದೆವು. ಫೋಟೊದ ಮೂಲೆಯಲ್ಲಿ ಕಾಕಾ ತಮ್ಮ ಹಳೆಯ ಛೋಟಾ ಹಾಥಿಗೆ ಒರಗಿ ನಿಂತಿರುವುದು ಕಾಣುತ್ತದೆ. 2005ರಲ್ಲಿ ಟಾಟಾ ಏಸ್ ಬಂದಾಗಿನಿಂದ ಉತ್ತರದ ಕಡೆಯವರೆಲ್ಲ ಅದನ್ನು ಹಾಗೇ ಕರೆಯುವುದು. ಚಿಕ್ಕ ಆನೆ. ಕಾಕಾ ಮಟ್ಟಿಗೆ ಆ ಆನೆಯೇ ಅವರ ಮನೆ ಸಾಕಿದ್ದು.

ಮೂರು ತಿಂಗಳಾದ ಮೇಲೆ ಲೆಕ್ಕ ಹಾಕಲು ಕೂತೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಥಾಣೆಯ ಟ್ರಾಫಿಕ್ಕಿನಲ್ಲಿ ಸಣ್ಣ ಟೆಂಪೊ ಲೀಟರಿಗೆ 15 ಕಿ.ಮೀ. ಓಡಿತು ಎಂದಿಟ್ಟುಕೊಳ್ಳಿ: ಕಿ.ಮೀ.ಗೆ 180 ಗ್ರಾಂ. ಅದರ ಮೇಲೆ ಮುಕ್ಕಾಲು ಟನ್ ಪೂರ್ತಿ ಹೇರಿದ್ದರೆ, ಒಂದು ಟನ್ ಸರಕನ್ನು ಒಂದು ಕಿ.ಮೀ. ಒಯ್ಯಲು 240 ಗ್ರಾಂ. ನಮ್ಮ ವಿದ್ಯುತ್ ಗಾಡಿ ಒಂದು ಯೂನಿಟ್ಟಿಗೆ ಸುಮಾರು 10 ಕಿ.ಮೀ. ಓಡುತ್ತಿತ್ತು. ವಿದ್ಯುತ್ ಎಂದರೆ ಹೊಗೆಯೇ ಇಲ್ಲ ಎಂದಲ್ಲ. ನಮ್ಮ ದೇಶದ ಕರೆಂಟಿನ ಬಹುಪಾಲು ಕಲ್ಲಿದ್ದಲಿನಿಂದ ಬರುವುದು, ಯೂನಿಟ್ಟಿಗೆ ಸರಾಸರಿ 700 ಗ್ರಾಂ ಹತ್ತಿರ. ಅಂದರೆ ಕಿ.ಮೀ.ಗೆ 70 ಗ್ರಾಂ. ಗಾಡಿ ತುಂಬ ಅರ್ಧ ಟನ್ ಹೇರಿದರೆ ಟನ್ನಿಗೆ 140 ಗ್ರಾಂ. ಡೀಸೆಲ್‌ಗಿಂತ ಎಷ್ಟೋ ಮೇಲು. ಅರ್ಧ ಮಾತ್ರ ಹೇರಿದರೆ 280.

ಈ ಕೊನೆಯ ಅಂಕಿ ನೋಡಿ ನಾನು ಎರಡು ಸಲ ಕೂಡಿಸಿದೆ. ಅರ್ಧ ಖಾಲಿ ಓಡುವ ವಿದ್ಯುತ್ ಗಾಡಿ, ತುಂಬಿ ಓಡುವ ಡೀಸೆಲ್ ಗಾಡಿಗಿಂತ ಹೆಚ್ಚು ಹೊಗೆಗೆ ಕಾರಣವಾಗುತ್ತದೆ. ನಮ್ಮ ಹೊಸ ಗಾಡಿಗಳು ದಿನಾ ಹೋಗುತ್ತಿದ್ದದ್ದು ಅರ್ಧ ಖಾಲಿಯೇ. ಹಳೆಯ ಗಾಡಿಗಳೂ ಅಷ್ಟೇ. ಚಕ್ರ, ಎಂಜಿನ್ ಬದಲಾಗಿತ್ತು. ಹೊರುವ ಗಾಳಿ ಬದಲಾಗಿರಲಿಲ್ಲ. (ಚಿಪ್ಸ್ ಪಾಕೀಟಿನದಂತೂ ಕೇಳಲೇಬೇಡಿ, ಅದರೊಳಗೇ ಅರ್ಧ ಗಾಳಿ.)

ಇದನ್ನು ಕಾಕಾಗೆ ಚಹಾ ಕುಡಿಯುತ್ತ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಇದಕ್ಕ ಇಷ್ಟ್ ಲೆಕ್ಕ ಯಾಕ ಬೇಕು ತಮ್ಮಾ? ಹೋಗೋವಾಗ ಬಿಸ್ಕಿಟ್ ಒಯ್ತೀನಿ. ಬರೋವಾಗ ಏನ್ ತರ್ತೀನಿ, ಬರೇ ಗಾಳಿ. ಡೀಸೆಲ್ ಮಾತ್ರ ಎರಡೂ ಕಡಿ ಕುಡೀತದ. ನಾಳಿ ನನ್ನ ಸಂಗಾಟ ಬಾ, ತೋರಸ್ತೀನಿ."

ಮರುದಿನ ಹೋದೆ. ಸಾಗಣೆ ವಿಭಾಗದಲ್ಲಿ ಇಷ್ಟು ವರ್ಷ ದುಡಿದೂ ನಮ್ಮದೇ ಟೆಂಪೊದಲ್ಲಿ ನಾನು ಕೂತದ್ದು ಅದೇ ಮೊದಲು.

ಬೆಳಿಗ್ಗೆ ಐದೂವರೆಗೆ ಸಾಲಿನಲ್ಲಿ ನಿಂತೆವು. ಮಾಲು ಹೇರಿ ಮುಗಿದಾಗ ಒಂಬತ್ತು ದಾಟಿತ್ತು. ಹಮಾಲರ ತಪ್ಪಲ್ಲ, ಹಿಂದಿನ ರಾತ್ರಿ ಬರಬೇಕಿದ್ದ ಅಂಗಡಿಗಳ ಪಟ್ಟಿ ನಮ್ಮ ಆಫೀಸಿನಿಂದ ಬಂದದ್ದೇ ಏಳೂವರೆಗೆ. ಆ ಮೂರೂವರೆ ತಾಸಿಗೆ ಕಾಕಾಗೆ ಬಿಡಿಗಾಸೂ ಇಲ್ಲ. ಕಾಲ್ಹೇರ್ ದಾಟಿ ಕಾಪೂರ್‌ಬಾವಡಿಗೆ ಬರುವಷ್ಟರಲ್ಲಿ ಥಾಣೆಯ ಅಷ್ಟೂ ಜನ ರಸ್ತೆಗೆ ಇಳಿದಿದ್ದರು. ಆರು ಗಂಟೆಗೆ ಹೊರಟಿದ್ದರೆ ಮುಕ್ಕಾಲು ತಾಸಿನ ದಾರಿ. ಅಂದು ಹಿಡಿದದ್ದು ಎರಡು ತಾಸಿನ ಹತ್ತಿರ, ಎಂಜಿನ್ ಚಾಲೂ ಇಟ್ಟುಕೊಂಡೇ.

ಭಾಂಡುಪ್ ಪಶ್ಚಿಮದ ಗುಡ್ಡದ ಓಣಿಯ ಒಂದು ಕಿರಾಣಿ ಅಂಗಡಿ. ನಾವು ಇಳಿಸಿದ್ದು ಮೂರು ಡಬ್ಬ. ನಮ್ಮ ಮುಂದೆ ಒಂದು ಟೆಂಪೊ ಹಾಲಿನ ಪುಡಿ ಇಳಿಸುತ್ತಿತ್ತು, ಹಿಂದೆ ಒಂದು ಸಾಬೂನಿನದು ಹಾರ್ನ್ ಹಾಕುತ್ತಿತ್ತು. ನಾವಿದ್ದ ಇಪ್ಪತ್ತು ನಿಮಿಷದಲ್ಲಿ ಅದೇ ಅಂಗಡಿಗೆ ನಾಲ್ಕು ಗಾಡಿ ಬಂದವು. ನಾಲ್ಕೂ ಹೊರಟದ್ದು ಭಿವಂಡಿಯಿಂದ, ಒಂದೇ ರಸ್ತೆಯಲ್ಲಿ, ಒಂದರ ಹಿಂದೆ ಒಂದು. ಅಂಗಡಿಯ ಗುಜರಾತಿ ಮಾಲೀಕ ಬೇಸತ್ತು, "ನೀವೆಲ್ಲ ಒಂದೇ ಗಾಡಿಯಲ್ಲಿ ಯಾಕೆ ಬರುವುದಿಲ್ಲ?" ಎಂದು ನನ್ನನ್ನೇ ಕೇಳಿದ. ನನ್ನ ಹತ್ತಿರ ಉತ್ತರವಿರಲಿಲ್ಲ.

ಅದೇ ಅಂಗಡಿಯ ಮೂಲೆಯಲ್ಲಿ ನಮ್ಮದೇ ಕಂಪನಿಯ ಪ್ಲಾಸ್ಟಿಕ್ ಕ್ರೇಟುಗಳು, ದಿನ ಮೀರಿದ ಬಿಸ್ಕತ್ತಿನ ಡಬ್ಬಗಳು ಬಿದ್ದಿದ್ದವು. "ಇವನ್ನ ಯಾಕ ಒಯ್ಯಂಗಿಲ್ಲ ಕಾಕಾ?" ಅಂದೆ. "ನನ್ನ ಚಲನ್‌ನ್ಯಾಗ ಇಲ್ಲ. ಅದಕ್ಕ ಬ್ಯಾರೆ ಗಾಡಿ ಅದ, ವಾರಕ್ಕೊಮ್ಮೆ ಬರ್ತದ" ಎಂದರು. ಆ ಬೇರೆ ಗಾಡಿಯನ್ನು ಗೊತ್ತುಮಾಡಿದ್ದು ನಾನೇ. ಅದು ಭಿವಂಡಿಯಿಂದ ಖಾಲಿ ಹೋಗಿ ತುಂಬಿ ಬರುತ್ತಿತ್ತು. ಕಾಕಾ ತುಂಬಿ ಹೋಗಿ ಖಾಲಿ ಬರುತ್ತಿದ್ದರು. ದಾರಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕೈ ಬೀಸಿಯೂ ಇರಬಹುದು.

ಸಂಜೆ ವಾಪಸು ಬರುವಾಗ ಹಿಂದಿನ ಖಾಲಿ ಡಾಲಾ ಗುಂಡಿ ಗುಂಡಿಗೂ ದಡಬಡ ಎನ್ನುತ್ತಿತ್ತು. ತುಂಬಿದ ಗಾಡಿ ಅಷ್ಟು ಸದ್ದು ಮಾಡುವುದಿಲ್ಲ.

ಮುಂಬೈನಲ್ಲಿ ಇದಕ್ಕೆ ಒಂದು ಹಳೆಯ ಉತ್ತರ ಕಣ್ಣೆದುರೇ ಇದೆ. ಡಬ್ಬಾವಾಲಾಗಳು 1890ರ ಸುಮಾರಿನಿಂದ ಊಟ ಹೊರುತ್ತಿದ್ದಾರೆ. ಅವರ ಸಮಯಪಾಲನೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಈಗ ದೊಡ್ಡದಾಗಿ ಕಾಣುವುದು ಬೇರೆ ಎರಡು ಸಂಗತಿ. ಹೋದ ಡಬ್ಬ ಅದೇ ದಿನ ಅದೇ ದಾರಿಯಲ್ಲಿ ಖಾಲಿ ಡಬ್ಬವಾಗಿ ಮರಳುತ್ತದೆ, ಅಂದರೆ ವಾಪಸು ಬಾಡಿಗೆ ಅವರ ವ್ಯವಸ್ಥೆಯೊಳಗೇ ಸೇರಿದೆ. ಮತ್ತೆ, ಒಂದು ಕಟ್ಟಡದ ಡಬ್ಬಗಳು ಬೇರೆ ಬೇರೆ ಓಣಿಗಳಿಂದ ಬಂದರೂ ಸ್ಟೇಷನ್ನಿನಲ್ಲಿ ವಿಂಗಡವಾಗಿ, ಕೊನೆಯ ಹೆಜ್ಜೆಯಲ್ಲಿ ಒಬ್ಬನ ಕೈಗೇ ಬರುತ್ತವೆ. ಲೋಕಲ್ ರೈಲು, ಸೈಕಲ್ಲು, ಕಾಲ್ನಡಿಗೆ. ಅವರಿಗೆ ಯಾರೂ ಹಸಿರು ರಿಬ್ಬನ್ ಕಟ್ಟಿಲ್ಲ.

ನಾವು ಮೊದಲು ಮಾಡಿದ್ದು ಸುಲಭದ ಕೆಲಸ. ಪಟ್ಟಿ ರಾತ್ರಿ ಒಂಬತ್ತಕ್ಕೆ ಮುಚ್ಚುವುದು. ಬೆಳಿಗ್ಗೆ ಬಂದ ಆರ್ಡರ್ ಮರುದಿನಕ್ಕೆ. ಮಾರಾಟ ವಿಭಾಗದವರು ನನ್ನೊಂದಿಗೆ ಒಂದು ವಾರ ಮಾತು ಬಿಟ್ಟರು. ಎರಡನೆಯದು, ಕ್ರೇಟು ಮತ್ತು ವಾಪಸು ಮಾಲನ್ನು ಅದೇ ಚಲನ್ನಿನಲ್ಲಿ ಸೇರಿಸಿದ್ದು. ವಾರದ ಗಾಡಿ ನಿಂತಿತು. ಮೂರನೆಯದು, ದಿನಾ ಹೋಗುತ್ತಿದ್ದ ಸಣ್ಣ ಅಂಗಡಿಗಳಿಗೆ ದಿನ ಬಿಟ್ಟು ದಿನ ಹೋಗುವುದು.

ಕಷ್ಟವಾದದ್ದು ಪಕ್ಕದವರ ಜೊತೆ ಗಾಡಿ ಹಂಚಿಕೊಳ್ಳುವುದು. ಇನ್ನೊಂದು ಬಿಸ್ಕತ್ತು ಕಂಪನಿಯವರಂತೂ ಮಾತಿಗೇ ಬರಲಿಲ್ಲ. ಯಾವ ಅಂಗಡಿಗೆ ಎಷ್ಟು ಹೋಗುತ್ತದೆಂದು ನಮಗೆ ತಿಳಿದುಬಿಡುತ್ತದಲ್ಲ. ಸಾಬೂನಿನವರು ಒಪ್ಪಿದರು, ಆದರೆ ಸಾಬೂನಿನ ಜೊತೆ ಬಿಸ್ಕತ್ತು, ಚಹಾಪುಡಿ ಹೇರುವಂತಿಲ್ಲ. ವಾಸನೆ ಹಿಡಿಯುತ್ತದೆ. ಇದು ನಮ್ಮ ಅಜ್ಜಿಗೂ ಗೊತ್ತಿದ್ದ ವಿಷಯ. ಮದುವೆ ಸಾಮಾನು ಕಟ್ಟುವಾಗ ಸೋಪು ಬೇರೆ ಗಂಟು. ಕೊನೆಗೆ ಒಪ್ಪಂದವಾದದ್ದು ನೋಟ್‌ಬುಕ್, ಪೆನ್ಸಿಲ್ ಮಾರುವ ಗೋಡೌನಿನ ಜೊತೆ. ಭಾರದ ನೋಟ್‌ಬುಕ್ ಕೆಳಗೆ, ಹಗುರದ ಬಿಸ್ಕತ್ತು ಮೇಲೆ. ಇಷ್ಟು ಚೆನ್ನಾಗಿ ಹೊಂದುವ ಜೋಡಿ ಮ್ಯಾಟ್ರಿಮನಿಯವರಿಗೂ ಸಿಕ್ಕಿರಲಿಕ್ಕಿಲ್ಲ.

ಗಾಡಿಗಳು ತುಂಬಿ ಓಡತೊಡಗಿದವು. ಟ್ರಿಪ್ಪುಗಳು ಇಳಿದವು, ಡೀಸೆಲ್ ಇಳಿಯಿತು, ಹತ್ತಿರದ ಮುಲುಂಡ್ ದಾರಿಗಳಲ್ಲಿ ವಿದ್ಯುತ್ ಗಾಡಿಗಳು ಕೊನೆಗೂ ಲೆಕ್ಕಕ್ಕೆ ಬಂದವು. ನಾನು ಪ್ರೆಸೆಂಟೇಷನ್ ಮಾಡಿದೆ. ಚಪ್ಪಾಳೆ ಬಿತ್ತು.

ಎರಡನೇ ತಿಂಗಳ ಕೊನೆಗೆ ಕಾಕಾ ಚಹಾದಂಗಡಿಗೆ ಬರುವುದನ್ನು ಬಿಟ್ಟಿದ್ದರು. ನಾನೇ ಹೋಗಿ ಕೇಳಿದೆ. ಅಂದು ಅವರು ಹೊರಗೂ 'ಸರ' ಎಂದೇ ಕರೆದರು.

"ಸರ, ನೀವು ಹೊಗಿ ಉಳಿಸಿದ್ರಿ, ಚಲೋ ಆತು. ನನಗ ರೊಕ್ಕ ಟ್ರಿಪ್‌ನ ಮ್ಯಾಲ. ತಿಂಗಳಿಗೆ ಐವತ್ತು ಟ್ರಿಪ್ ಹೊಡೀತಿದ್ದೆ, ಈಗ ಮೂವತ್ಮೂರು. ಮನಿ ಬಾಡಿಗಿ ಕಡಿಮಿ ಆಗಿಲ್ಲ. ಮಗಳ ಫೀ ಕಡಿಮಿ ಆಗಿಲ್ಲ. ಉಳಿಸಿದ್ದು ಯಾರಿಗಿ ಹೋತ್ರಿ?"

ನನ್ನ ಹಾಳೆಯಲ್ಲಿ ಆ ಕಾಲಂ ಇರಲೇ ಇಲ್ಲ. ಕಿಲೊಮೀಟರ್, ಲೀಟರ್, ಗ್ರಾಂ, ಡಬ್ಬ, ಎಲ್ಲ ಇತ್ತು. ಖಾಲಿ ಗಾಡಿಯ ಬಾಡಿಗೆಯನ್ನು ಮೊದಲು ಕಂಪನಿ ಕೊಡುತ್ತಿತ್ತು. ನಾನು ಅದನ್ನು ಉಳಿಸಿದ್ದೇನೆ ಎಂದುಕೊಂಡೆ. ಉಳಿಸಿರಲಿಲ್ಲ, ಟೆಂಪೊ ಮಾಲೀಕರ ಜೇಬಿಗೆ ದಾಟಿಸಿದ್ದೆ. ಕೊಟ್ಟ ಉಪಾಯ ಅವರದೇ. ಭಾಂಡುಪಿನ ಓಣಿ ತೋರಿಸಿದವರೂ ಅವರೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಬರೆದರೆ ನಾಟಕವಾದೀತು, ನಿದ್ದೆ ಬಂತು. ಆದರೆ ಆ ಪ್ರೆಸೆಂಟೇಷನ್ನನ್ನು ಮತ್ತೆ ತೆರೆದು ನೋಡಲು ಬಹಳ ದಿನ ಮನಸ್ಸಾಗಲಿಲ್ಲ.

ದರದ ಪದ್ಧತಿ ಬದಲಿಸಲು ಮೂರು ತಿಂಗಳು ಹಿಡಿಯಿತು. ಫೈನಾನ್ಸಿನವರಿಗೆ ಟ್ರಿಪ್ ಲೆಕ್ಕ ಸುಲಭ. ನಾನು ಕೇಳಿದ್ದು ಮೂರು ಭಾಗದ ದರ: ಗಾಡಿ ಹಾಜರಾದ ದಿನಕ್ಕೆ ಇಷ್ಟು ಎಂದು ಖಾಯಂ ಮೊತ್ತ, ಓಡಿದ ಕಿಲೊಮೀಟರಿಗೆ ಇಷ್ಟು, ಎರಡು ತಾಸಿಗಿಂತ ಹೆಚ್ಚು ಕಾಯಿಸಿದರೆ ತಾಸಿಗೆ ಇಷ್ಟು. ಉಳಿತಾಯದ ಒಂದು ಪಾಲು ಇದಕ್ಕೆ ಹೋಗಲಿ ಎಂದೆ. ಮೊದಲ ಎರಡಕ್ಕೆ ಒಪ್ಪಿದರು. ಕಾಯುವ ಬಾಡಿಗೆಗೆ, "ಹಾಗಾದರೆ ಎಲ್ಲರೂ ಬೇಕೆಂದೇ ನಿಧಾನ ಮಾಡುತ್ತಾರೆ" ಎಂದರು. ಹೇರುವವರು ನಾವೇ ಅಲ್ಲವೇ, ನಿಧಾನ ಮಾಡುವವರೂ ನಾವೇ ಎಂದೆ. ಹಟ ಹಿಡಿದೆ.

ನಾನು ಎಣಿಸಿರದ ಲಾಭವೊಂದು ಬಂದದ್ದು ಅಲ್ಲಿಂದಲೇ. ಕಾಯಿಸಿದರೆ ದುಡ್ಡು ಕೊಡಬೇಕು ಎಂದಾದ ಕೂಡಲೇ ಗೋಡೌನಿನಲ್ಲಿ ಎಲ್ಲವೂ ಚುರುಕಾಯಿತು. ಮೊದಲು ಮೂರು ತಾಸು ಹಿಡಿಯುತ್ತಿದ್ದ ಹೇರಿಕೆ ಈಗ ಒಂದೂವರೆ ತಾಸು. ಗಾಡಿಗಳು ಏಳರೊಳಗೆ ಕಾಪೂರ್‌ಬಾವಡಿ ದಾಟುತ್ತವೆ, ಟ್ರಾಫಿಕ್ಕಿನಲ್ಲಿ ನಿಂತು ಸುಡುತ್ತಿದ್ದ ಡೀಸೆಲ್ ಉಳಿಯುತ್ತದೆ. ಚಾಲಕನ ಸಮಯ ಪುಕ್ಕಟೆ ಎಂದು ಎಲ್ಲಿಯವರೆಗೆ ಅಂದುಕೊಂಡಿರುತ್ತೇವೋ ಅಲ್ಲಿಯವರೆಗೆ ಅದನ್ನು ಹಾಳು ಮಾಡಲು ನಮಗೆ ಹಿಂಜರಿಕೆ ಇರುವುದಿಲ್ಲ.

ಈ ಮೂರು ತಿಂಗಳ ನಡುವೆ ಇಬ್ಬರು ಟೆಂಪೊ ಮಾಲೀಕರು ಬಿಟ್ಟುಹೋದರು. ಒಬ್ಬರು ಜೌನ್‌ಪುರದವರು, ಗಾಡಿ ಮಾರಿ ಊರಿಗೆ ಹೋದರಂತೆ. ಇನ್ನೊಬ್ಬರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಅವರ ಫೋನ್ ಹತ್ತುವುದಿಲ್ಲ.

ದೂರದ ಸಾಗಣೆಗೆ ದೊಡ್ಡ ಉತ್ತರಗಳಿವೆ. ಕೊಂಕಣ ರೈಲ್ವೆಯವರು 1999ರಲ್ಲೇ ಕೋಲಾಡಿನಿಂದ ಗೋವಾದ ವೆರ್ಣಾಕ್ಕೆ, ಆಮೇಲೆ ನಮ್ಮ ಸುರತ್ಕಲ್‌ವರೆಗೆ, ಮಾಲು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಒಯ್ಯತೊಡಗಿದರು. ಚಾಲಕ ತನ್ನ ಕ್ಯಾಬಿನ್ನಿನಲ್ಲೇ ಕೂತು ಘಟ್ಟ, ಸುರಂಗ ದಾಟುತ್ತಾನೆ, ಎಂಜಿನ್ ಬಂದ್. 2020ರಲ್ಲಿ ನೆಲಮಂಗಲದಿಂದ ಸೊಲ್ಲಾಪುರ ಹತ್ತಿರದ ಬಾಳೆಗೂ ಇಂಥದೇ ರೈಲು ಶುರುವಾಯಿತು. ಒಳ್ಳೆಯ ಕೆಲಸ. ಆದರೆ ಭಾಂಡುಪಿನ ಓಣಿಗೆ ರೈಲು ಬರುವುದಿಲ್ಲ. ಅಲ್ಲಿಗೆ ಸರ್ಕಾರದ ಸಣ್ಣ ನಿಯಮಗಳೇ ಹೆಚ್ಚು ಕೆಲಸ ಮಾಡುತ್ತವೆ. ದಿಲ್ಲಿಯಲ್ಲಿ 2021ರಲ್ಲಿ ವಿದ್ಯುತ್ ಸರಕು ಗಾಡಿಗಳಿಗೆ ಪ್ರವೇಶ ನಿಷೇಧದ ಸಮಯದಿಂದ ವಿನಾಯಿತಿ ಕೊಟ್ಟರು. ಡೀಸೆಲ್ ಗಾಡಿ ಹೊರಗೆ ನಿಂತು ಕಾಯುವ ಹೊತ್ತಿನಲ್ಲಿ ವಿದ್ಯುತ್ ಗಾಡಿ ಒಳಗೆ ಹೋಗಿ ಇಳಿಸಿ ಬರಬಹುದು. ಗಾಡಿ ಕೊಳ್ಳುವವನಿಗೆ ಇದು ಸಬ್ಸಿಡಿಗಿಂತ ಬೇಗ ಅರ್ಥವಾಗುತ್ತದೆ. ದಿಲ್ಲಿಯ ಕನ್ನಡಿಗ ಮಿತ್ರರು ಯಾರಾದರೂ ಈ ಲೈನಿನಲ್ಲಿದ್ದರೆ ನಿಮ್ಮ ಅನುಭವ ಬರೆಯಿರಿ.

ಮಸ್ಜಿದ್ ಬಂದರಿನ ಓಣಿಗಳಲ್ಲಿ ಇವತ್ತಿಗೂ ಕೈಗಾಡಿ ಎಳೆಯುವವರಿದ್ದಾರೆ. ಅವರಷ್ಟು ಕಡಿಮೆ ಹೊಗೆಯ ಸಾಗಣೆ ಇನ್ನೊಂದಿಲ್ಲ. ಅದನ್ನು ಆದರ್ಶ ಎನ್ನಲು ನನಗೆ ಬಾಯಿ ಬರುವುದಿಲ್ಲ, ಎಳೆಯುವವರ ಬೆನ್ನು ನೋಡಿದ್ದೇನೆ.

ಕಾಕಾ ಈಗ ಮತ್ತೆ ಚಹಾದಂಗಡಿಗೆ ಬರುತ್ತಾರೆ, 'ತಮ್ಮಾ' ಮರಳಿದೆ. ಇಂಡಿಯಲ್ಲಿ ಅವರ ತಮ್ಮನದು ನಿಂಬೆ ತೋಟ. ಅಲ್ಲಿಂದ ವಾಶಿ ಮಾರ್ಕೆಟ್ಟಿಗೆ ನಿಂಬೆ ತರುವ ಲಾರಿಯವರು ವಾಪಸು ಬಾಡಿಗೆಗಾಗಿ ಒಮ್ಮೊಮ್ಮೆ ಎರಡು ದಿನ ಕಳಂಬೋಲಿಯಲ್ಲಿ ಕಾಯುತ್ತಾರಂತೆ. ವಿಜಯಪುರದ ಡೀಲರಿಗೆ ತಿಂಗಳಿಗೆರಡು ಸಲ ಹೋಗುವ ನಮ್ಮ ಲೋಡನ್ನು ಈಗ ಆ ಲಾರಿಗಳಲ್ಲಿ ಒಂದಕ್ಕೆ ಕೊಡುತ್ತಿದ್ದೇವೆ. ನಿಂಬೆ ಇಳಿಸಿ, ಡಾಲಾ ತೊಳೆದು, ಒಣಗಿಸಿದ ಮೇಲೆ. ಅದೂ ಕಾಕಾ ಹೇಳಿದ್ದೇ. ಈ ಸಲ ಮಧ್ಯಸ್ಥಿಕೆಯ ದಲಾಲಿ ಅವರಿಗೆ ಹೋಗುವಂತೆ ಮೊದಲೇ ಬರೆದಿಟ್ಟೆ.

ಅವರ ಛೋಟಾ ಹಾಥಿಗೆ ವಯಸ್ಸಾಗಿದೆ. ಮುಂದಿನ ಗಾಡಿ ವಿದ್ಯುತ್ತಿನದೋ ಸಿಎನ್‌ಜಿಯದೋ ಎಂದು ಮನೆಯಲ್ಲಿ ಜಗಳ. ಮಗ ವಿದ್ಯುತ್ ಅನ್ನುತ್ತಾನೆ. ಕಳೆದ ವಾರ ಕಾಕಾ ಸಾಲದ ಕಾಗದ ತಂದು ನನ್ನ ಮುಂದೆ ಇಟ್ಟರು. ವಿದ್ಯುತ್ ಗಾಡಿಗೆ ಬಡ್ಡಿ ಎರಡು ಪರ್ಸೆಂಟ್ ಹೆಚ್ಚು ಹಾಕಿದ್ದಾರೆ. ಐದು ವರ್ಷದ ಮೇಲೆ ಅದು ಎಷ್ಟಕ್ಕೆ ಮಾರಾಟವಾಗುತ್ತದೆಂದು ಸಾಲ ಕೊಡುವವರಿಗೇ ಧೈರ್ಯವಿಲ್ಲ. ಖರ್ಚಿನ ಪಟ್ಟಿಯನ್ನು ಇಬ್ಬರೂ ಕೂತು ಬರೆದೆವು: ಕಂತು, ವಿಮೆ, ಚಾರ್ಜಿಂಗ್, ಟೈರು, ನಮ್ಮ ಕಂಪನಿಯ ದಿನದ ಖಾಯಂ ಮೊತ್ತ. ತಿಂಗಳಿಗೆ ಸ್ವಲ್ಪ ಉಳಿಯುತ್ತದೆ ಎಂದು ಬಂತು.

"ಬ್ಯಾಟರಿ ಹೋದ್ರ?" ಎಂದರು.

ಎಂಟು ವರ್ಷದ ವಾರಂಟಿ ಇದೆಯೇ ಕೇಳಿ, ಇಲ್ಲದಿದ್ದರೆ ಸಹಿ ಹಾಕಬೇಡಿ ಎಂದೆ. "ನಿಮ್ಮ ಕಂಪನಿ ಎಂಟ್ ವರ್ಷ ನನ್ನ ಗಾಡಿ ಇಟ್ಕೋತೀವಿ ಅಂತ ಬರದ್ ಕೊಡ್ತದೇನು?" ಎಂದು ಕೇಳಿದರು. ನಮ್ಮ ಕಂಪನಿಯ ಕರಾರು ಒಂದು ವರ್ಷದ್ದು. ಮೂರು ವರ್ಷಕ್ಕಾದರೂ ಮಾಡಿ ಎಂದು ಮೇಲಿನವರಿಗೆ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ಕಾಗದವನ್ನು ಕಾಕಾ ಮಡಚಿ ಡ್ಯಾಶ್‌ಬೋರ್ಡಿನ ಸಿದ್ಧೇಶ್ವರನ ಫೋಟೊದ ಹಿಂದೆ ಸಿಕ್ಕಿಸಿಟ್ಟಿದ್ದಾರೆ.